ಹಳೆಯ ಕ್ವಾರ್ಟರ್ಸ್ ಒಡೆಯುವ ಮೊದಲು: ಮನೆ ಮತ್ತು ಊರಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿದು ಗೋಡೆಗಳು ಒಣಗತೊಡಗಿದಾಗ ಮನೆಯ ಬಗ್ಗೆ ಬರುವ ಪತ್ರಗಳು ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಹಲವು ಒಂದೇ ವಿಷಯವನ್ನು ಸುತ್ತುತ್ತವೆ. ಸರ್ಕಾರ ಹಿಂದೆ ಕಟ್ಟಿಸಿದ, ಈಗ ಮುಪ್ಪಾದ ವಸತಿ ಸಂಕೀರ್ಣಗಳನ್ನು ಮುಂದೆ ಏನು ಮಾಡಬೇಕು ಎಂಬುದು ಆ ವಿಷಯ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕಾರವಾರದಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಮೂರು ಮಹಡಿಯ ಮನೆಗಳ ಕಾಲೊನಿಯಲ್ಲಿ ನಮ್ಮ ಕುಟುಂಬ ಬಹಳ ವರ್ಷಗಳಿಂದ ಇದೆ. ಈಗ ಸಜ್ಜಾದ ಸಿಮೆಂಟು ಉದುರಿ ಕಬ್ಬಿಣದ ಸರಳು ಕಾಣುತ್ತಿದೆ. ಎಲ್ಲವನ್ನೂ ಒಡೆದು ಎತ್ತರದ ಕಟ್ಟಡ ಕಟ್ಟುತ್ತಾರಂತೆ, ಕೆಲವು ಮನೆಗಳನ್ನು ನಮಗೆ ಕೊಟ್ಟು ಉಳಿದವನ್ನು ಮಾರುತ್ತಾರಂತೆ. ನನ್ನ ಅತ್ತೆಯವರು ಈಗಲೂ ಬುಟ್ಟಿ ಹೊತ್ತು ನಡೆದೇ ಮೀನು ಪೇಟೆಗೆ ಹೋಗುತ್ತಾರೆ. ನಾವು ಒಪ್ಪಬೇಕೆ, ಬೇಡವೆ? (ಗೃಹಿಣಿ, ಕಾರವಾರ)

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಕಟ್ಟಡ ನಿಜವಾಗಿಯೂ ಒಡೆಯಲೇಬೇಕಾದ ಸ್ಥಿತಿಯಲ್ಲಿದೆಯೇ ಎಂಬುದು ಒಂದು. ಒಡೆದರೆ ನೀವು ಎಲ್ಲಿಗೆ ಹೋಗಿ, ಎಂದು, ಯಾವ ಭರವಸೆಯ ಮೇಲೆ ಮರಳುತ್ತೀರಿ ಎಂಬುದು ಇನ್ನೊಂದು. ಸಾಮಾನ್ಯವಾಗಿ ಇವೆರಡನ್ನೂ ಒಂದೇ ಸಭೆಯಲ್ಲಿ, ಒಂದೇ ಸಹಿಯಲ್ಲಿ ಮುಗಿಸಿಬಿಡುತ್ತಾರೆ. ಹಾಗೆ ಆಗಲು ಬಿಡಬೇಡಿ.

ಮೊದಲನೆಯದನ್ನು ನೋಡೋಣ. ಕಡಲ ಗಾಳಿಯಲ್ಲಿರುವ ಉಪ್ಪಿನ ಅಂಶ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ವರ್ಷಗಟ್ಟಲೆ ಒಳಗಿಳಿದು ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ತನ್ನ ಮೂಲ ಗಾತ್ರಕ್ಕಿಂತ ಹಲವು ಪಟ್ಟು ಉಬ್ಬುವುದರಿಂದ ಅದರ ಮೇಲಿನ ಸಿಮೆಂಟಿನ ಹೊದಿಕೆ ಸೀಳಿ ಕೆಳಗೆ ಬೀಳುತ್ತದೆ. ನಮ್ಮ ದೇಶದ ಕಾಂಕ್ರೀಟು ಸಂಹಿತೆಯಾದ ಐಎಸ್ 456, ಅದರ 2000ರ ಆವೃತ್ತಿಯಲ್ಲಿ, ಕಡಲ ತೀರದ ವಾತಾವರಣಕ್ಕೆ ತೆರೆದ ಕಟ್ಟಡಗಳಲ್ಲಿ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕು, ಕಾಂಕ್ರೀಟಿನ ಬಲ ಎಂ-30 ಎಂಬ ದರ್ಜೆಗಿಂತ ಕಡಿಮೆ ಇರಬಾರದು ಎಂದು ಹೇಳುತ್ತದೆ. ಅದಕ್ಕಿಂತ ಹಿಂದೆ ಕಟ್ಟಿದ ಎಷ್ಟೋ ಚಪ್ಪಡಿಗಳಲ್ಲಿ ಇದರ ಅರ್ಧದಷ್ಟು ಹೊದಿಕೆಯೂ ಸಿಗುವುದಿಲ್ಲ. ಕರಾವಳಿಯಲ್ಲಿ ತಾರಸಿಯ ಮೇಲೆ ಮತ್ತೆ ತಗಡಿನ ಮಾಡು ಹಾಕಿಕೊಳ್ಳುವ ರೂಢಿಯಿದೆ. ಆ ಕಾಲದ ಸರ್ಕಾರಿ ನಕ್ಷೆಗಳು ಮರೆತದ್ದನ್ನು ಜನರೇ ತಮ್ಮ ಖರ್ಚಿನಲ್ಲಿ ಹಾಗೆ ತಿದ್ದಿಕೊಂಡಿದ್ದಾರೆ.

ಆದರೆ ಸಜ್ಜಾ ಉದುರಿದ ಮಾತ್ರಕ್ಕೆ ಕಂಬಗಳೂ ಸತ್ತಿವೆ ಎಂದಲ್ಲ. ಹೊರಗಿನ ಗಾಳಿ ಮಳೆಗೆ ಮೊದಲು ಬಲಿಯಾಗುವುದು ಸಜ್ಜಾ, ಬಾಲ್ಕನಿ ಮತ್ತು ತಾರಸಿಯ ಅಂಚು. ಒಳಗಿನ ಕಂಬ ತೊಲೆಗಳು ಇನ್ನೂ ಗಟ್ಟಿಯಾಗಿ ಇರಬಹುದು, ಇಲ್ಲದೆಯೂ ಇರಬಹುದು. ಇದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಕಾಂಕ್ರೀಟಿನ ಪುಡಿ ತೆಗೆದು ಅದರಲ್ಲಿರುವ ಕ್ಲೋರೈಡಿನ (ಉಪ್ಪಿನ ಅಂಶದ) ಪ್ರಮಾಣ ಅಳೆಯುವ, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ ಬಣ್ಣ ನೋಡುವ (ಕ್ಷಾರಗುಣ ಉಳಿಸಿಕೊಂಡ ಕಾಂಕ್ರೀಟು ನಸುಗೆಂಪಾಗುತ್ತದೆ, ಅದನ್ನು ಕಳೆದುಕೊಂಡದ್ದು ಬಣ್ಣ ತಳೆಯುವುದಿಲ್ಲ), ಹಾಫ್-ಸೆಲ್ ಉಪಕರಣದಿಂದ ಸರಳಿನ ತುಕ್ಕಿನ ಸಾಧ್ಯತೆ ತಿಳಿಯುವ ಪರೀಕ್ಷೆಗಳಿವೆ. ಈ ಕಟ್ಟಡ ಪರಿಶೋಧನೆಯನ್ನು ಪ್ರತಿ ಬ್ಲಾಕಿಗೂ ಪ್ರತ್ಯೇಕವಾಗಿ ಮಾಡಿಸಬೇಕೆಂದು ನೀವೆಲ್ಲರೂ ಲಿಖಿತವಾಗಿ ಕೇಳಿ. ವರದಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ. ನಾಲ್ಕು ಬ್ಲಾಕುಗಳಲ್ಲಿ ಒಂದು ಮಾತ್ರ ಅಪಾಯದಲ್ಲಿದ್ದರೆ ನಾಲ್ಕನ್ನೂ ಕೆಡಹುವುದಕ್ಕೆ ಸಮರ್ಥನೆಯಿಲ್ಲ.

ಉಳಿಸಿಕೊಂಡೇ ಸುಧಾರಿಸುವುದು ಬರೀ ಆದರ್ಶದ ಮಾತಲ್ಲ. ಫ್ರಾನ್ಸಿನ ಬೋರ್ಡೋ ನಗರದ ಗ್ರಾಂ ಪಾರ್ಕ್ ಬಡಾವಣೆಯಲ್ಲಿ 1960ರ ದಶಕದ ಮೂರು ದೊಡ್ಡ ಕಟ್ಟಡಗಳು, ಅವುಗಳಲ್ಲಿ 530 ಸಾರ್ವಜನಿಕ ವಸತಿ ಮನೆಗಳು ಇದ್ದವು. ವಾಸ್ತುಶಿಲ್ಪಿಗಳಾದ ಅನ್ ಲಕಾತೋನ್ ಮತ್ತು ಜಾಂ-ಫಿಲಿಪ್ ವಾಸಾಲ್ ತಮ್ಮ ಸಂಗಡಿಗರೊಂದಿಗೆ ಅವನ್ನು ಒಡೆಯದೆ, ಹೊರಗಡೆಯಿಂದ ಸುಮಾರು 3.8 ಮೀಟರ್ ಅಗಲದ ಗಾಜಿನ ಜಗಲಿಗಳನ್ನು ಜೋಡಿಸಿದರು. ಮನೆಗಳು ದೊಡ್ಡವಾದವು, ಬೆಳಕಾದವು, ಲಿಫ್ಟುಗಳು ಹೊಸದಾದವು. ಕೆಲಸ ನಡೆಯುವಾಗಲೂ ಜನ ಅಲ್ಲೇ ಇದ್ದರು. ಆ ಕೆಲಸಕ್ಕೆ 2019ರಲ್ಲಿ ಯುರೋಪಿನ ವಾಸ್ತುಶಿಲ್ಪಕ್ಕೆ ಕೊಡುವ ಮೀಸ್ ವಾನ್ ಡೆರ್ ರೋಹ್ ಪ್ರಶಸ್ತಿ ಬಂತು, 2021ರಲ್ಲಿ ಆ ಇಬ್ಬರಿಗೂ ವಾಸ್ತುಶಿಲ್ಪಿಗಳ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಸಂದಿತು. ಗಾಜಿನ ಜಗಲಿ ನಮಗೆ ಬೇಕಾಗಿಲ್ಲ. ಗಟ್ಟಿ ಕಂಬಗಳಿರುವ ಕಟ್ಟಡಕ್ಕೆ ಹೊರಗಿನಿಂದ ಹೊಸ ಅಡಿಪಾಯದ ಮೇಲೆ ಆಳವಾದ ಜಗಲಿಯನ್ನೂ ಮೇಲೆ ಇಳಿಜಾರಾದ ಹೆಂಚಿನ ಮಾಡನ್ನೂ ಕೊಟ್ಟರೆ, ಮಳೆ ಗೋಡೆಗೆ ಹೊಡೆಯುವುದು ನಿಂತು, ಬಟ್ಟೆ ಒಣಗಿಸಲು ಜಾಗವೂ ಆಗಿ, ಮನೆಗೆ ಒಂದು ಕೋಣೆ ಹೆಚ್ಚಿಗೆ ಸಿಕ್ಕಂತಾಗುತ್ತದೆ.

ಪರಿಶೋಧನೆಯಲ್ಲಿ ಕಟ್ಟಡ ಉಳಿಯದು ಎಂದೇ ತೀರ್ಮಾನವಾದರೆ ಎರಡನೆಯ ಪ್ರಶ್ನೆ ಎದುರಾಗುತ್ತದೆ. ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದದ್ದು. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ಹೋಪ್ ಸಿಕ್ಸ್ ಎಂಬ ಯೋಜನೆಯಡಿ ಶಿಥಿಲವಾದ ಸಾರ್ವಜನಿಕ ವಸತಿಗಳನ್ನು ಕೆಡಹಿ, ಆ ಜಾಗದಲ್ಲಿ ಬೀದಿಗೆ ಮುಖಮಾಡಿದ ತಗ್ಗು ಮನೆಗಳ, ಬೇರೆ ಬೇರೆ ವರಮಾನದವರು ಕೂಡಿ ಇರುವ ಕೇರಿಗಳನ್ನು ಕಟ್ಟಿದರು. ನೋಡಲು ಅವು ಹಳೆಯವಕ್ಕಿಂತ ಎಷ್ಟೋ ಮೇಲಾಗಿದ್ದವು. ಆದರೆ ಒಂದು ಮನೆ ಕೆಡಹಿದರೆ ಬಡವರಿಗೆ ಒಂದು ಮನೆ ಕಟ್ಟಲೇಬೇಕೆಂಬ ಹಳೆಯ ನಿಯಮವನ್ನು 1990ರ ದಶಕದ ನಡುವಿನಲ್ಲಿ ತೆಗೆದುಹಾಕಿದ್ದರಿಂದ ಬಡವರ ಮನೆಗಳ ಸಂಖ್ಯೆ ಕುಸಿಯಿತು, ಮೂಲ ನಿವಾಸಿಗಳಲ್ಲಿ ಹೆಚ್ಚಿನವರು ಆ ಸುಂದರ ಬೀದಿಗಳಿಗೆ ಮರಳಲೇ ಇಲ್ಲ. 2010ರಲ್ಲಿ ಅದರ ಜಾಗಕ್ಕೆ ಬಂದ ಚಾಯ್ಸ್ ನೇಬರ್‌ಹುಡ್ಸ್ ಯೋಜನೆ ಮನೆಗೆ ಮನೆ ಎಂಬ ತತ್ತ್ವವನ್ನು ಸಾಮಾನ್ಯ ನಿಯಮವಾಗಿ ಮತ್ತೆ ತಂದಿತು. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಈಜಿಪುರದ ಬಡವರ ವಸತಿ ಸಂಕೀರ್ಣದ ಕತೆ ಇದೆ. ಅಲ್ಲಿ ಕೆಲವು ಬ್ಲಾಕುಗಳು ಕುಸಿದ ಮೇಲೆ ಮರುನಿರ್ಮಾಣದ ಹೆಸರಿನಲ್ಲಿ ಜಮೀನಿನ ಒಂದು ಭಾಗವನ್ನು ವಾಣಿಜ್ಯಕ್ಕೆ ಬಿಡುವ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಕುಟುಂಬಗಳನ್ನು ತೆರವುಗೊಳಿಸಿದಾಗ ಎಷ್ಟೋ ಮಂದಿ ಪಾತ್ರೆ ಹಾಸಿಗೆಗಳೊಂದಿಗೆ ರಸ್ತೆ ಬದಿಯಲ್ಲೇ ಉಳಿದರು.

ಸಿಂಗಪುರದವರು 1995ರಿಂದ ನಡೆಸಿದ ಆಯ್ದ ಸಂಕೀರ್ಣಗಳ ಮರುನಿರ್ಮಾಣದಲ್ಲಿ ಈ ಕ್ರಮವನ್ನೇ ತಿರುಗಿಸಿದರು. ಅಲ್ಲಿ ಹತ್ತಿರದ ಜಾಗದಲ್ಲಿ ಹೊಸ ಮನೆ ಕಟ್ಟಿ, 99 ವರ್ಷದ ಹೊಸ ಗುತ್ತಿಗೆ ಕೊಟ್ಟು, ನೆರೆಹೊರೆಯವರು ಒಟ್ಟಾಗಿ ಮನೆ ಆರಿಸಿಕೊಳ್ಳಲು ಅವಕಾಶವಿಟ್ಟು, ಜನ ಅಲ್ಲಿಗೆ ಹೋದ ಮೇಲೆ ಹಳೆಯದನ್ನು ಕೆಡಹುತ್ತಿದ್ದರು. ಕಾರವಾರದಂಥ ಊರಿನಲ್ಲಿ ಇದು ಇನ್ನೂ ಸುಲಭವಾಗಬೇಕು. ಹಳೆಯ ಕಾಲೊನಿಗಳಲ್ಲಿ ಬ್ಲಾಕುಗಳ ನಡುವೆ ಬೇಕಾದಷ್ಟು ಖಾಲಿ ಜಾಗ ಬಿದ್ದಿರುತ್ತದೆ. ಮೊದಲು ಅಲ್ಲಿ ಒಂದು ಹೊಸ ಬ್ಲಾಕು ಏಳಲಿ, ಒಂದು ಹಳೆಯ ಬ್ಲಾಕಿನವರು ಅದಕ್ಕೆ ಹೋಗಲಿ, ಬಳಿಕ ತೆರವಾದದ್ದನ್ನು ಒಡೆಯಲಿ. ಯಾರೂ ಊರು ಬಿಟ್ಟು ತಾತ್ಕಾಲಿಕ ಶೆಡ್ಡಿಗೆ ಹೋಗಬೇಕಾಗುವುದಿಲ್ಲ. ತಾತ್ಕಾಲಿಕ ಎಂದು ಕೊಡುವ ಜಾಗ ಹೆಚ್ಚಾಗಿ ಊರಾಚೆ, ಕೆಲವೊಮ್ಮೆ ಗುಡ್ಡ ಕಡಿದ ಬುಡದಲ್ಲಿ ಇರುತ್ತದೆ. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಸತ್ತದ್ದನ್ನು ಈ ತಾಲೂಕಿನಲ್ಲಿ ಯಾರೂ ಮರೆತಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ಈಗ ವಾಸವಿರುವ ಪ್ರತಿ ಕುಟುಂಬದ ಪಟ್ಟಿ, ಅದೇ ನೆಲದಲ್ಲಿ ಮರಳಿ ಸಿಗುವ ಮನೆಯ ಅಳತೆ, ಮಹಡಿ, ಅವಧಿ, ತಡವಾದರೆ ಕೊಡುವ ಬಾಡಿಗೆ, ಕೊನೆಯಲ್ಲಿ ಯಾರ ಹೆಸರಿಗೆ ಯಾವ ಪತ್ರ ಎಂಬುದೆಲ್ಲ ನೋಂದಾಯಿತ ಒಪ್ಪಂದದಲ್ಲಿ ಬರುವವರೆಗೆ ಒಪ್ಪಿಗೆ ಕೊಡಬೇಡಿ. ಬಾಡಿಗೆದಾರರನ್ನೂ ಪಟ್ಟಿಯಿಂದ ಬಿಡಬೇಡಿ. ಜಾಗ ಕಡಲಿನ ಉಬ್ಬರದ ಗೆರೆಯಿಂದ 500 ಮೀಟರಿನ ಒಳಗಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. ಮಾರಾಟಕ್ಕೆ ಲೆಕ್ಕ ಹಾಕಿದ ಮಹಡಿಗಳಿಗೆ ಅಲ್ಲಿ ಅನುಮತಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಏಕೆಂದರೆ ಒಡೆದ ಮೇಲೆ ಅನುಮತಿ ಸಿಗದಿದ್ದರೆ ಬೀದಿಯಲ್ಲಿ ನಿಲ್ಲುವವರು ನೀವೇ.

ನಿಮ್ಮ ಅತ್ತೆಯವರ ಮಾತು. ನಿಮ್ಮ ಪತ್ರದ ಆ ಒಂದು ಸಾಲು ನನಗೆ ಬಹಳ ಮುಖ್ಯವಾಗಿ ಕಂಡಿತು. ಮೀನು ಬುಟ್ಟಿಯೊಂದಿಗೆ ಬದುಕುವವರಿಗೆ ಹತ್ತನೆಯ ಮಹಡಿಯ ಮನೆ ಎಷ್ಟೇ ಚೆನ್ನಾಗಿದ್ದರೂ ಅದು ಕಸುಬಿಗೆ ಹೊಡೆತ. ಬುಟ್ಟಿ ತೊಳೆಯುವ ಕಟ್ಟೆ, ಐಸ್ ಪೆಟ್ಟಿಗೆ ಇಡುವ ಮೂಲೆ, ಬಲೆ ಹರಡುವ ಅಂಗಳ ಇವೆಲ್ಲ ನೆಲದ ಮೇಲೇ ಬೇಕು. ನೆಲಮಹಡಿಯ ಮನೆಗಳನ್ನು ಇಂಥ ಕಸುಬಿನವರಿಗೂ ವಯಸ್ಸಾದವರಿಗೂ ಮೊದಲು ಹಂಚಬೇಕೆಂದು ಒಪ್ಪಂದದಲ್ಲೇ ಬರೆಸಿ. ಕಾರವಾರದ ಜಮೀನಿಗೆ ನೆಲಮಹಡಿಯ ಮೇಲೆ ಮೂರು ಮಹಡಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಲಾಕುಗಳನ್ನು ಒತ್ತಾಗಿ, ಬೀದಿಯ ಅಂಚಿಗೆ ಕಟ್ಟಿದರೆ ಅಷ್ಟರಲ್ಲೇ ಈಗಿನದಕ್ಕಿಂತ ಹೆಚ್ಚು ಮನೆಗಳು ಹಿಡಿಯುತ್ತವೆ.

ಪ್ರಶ್ನೆ: ಉಳ್ಳವರನ್ನೂ ಇಲ್ಲದವರನ್ನೂ ಒಂದೇ ಆವರಣದಲ್ಲಿ ಇರಿಸಿದರೆ ಸೌಹಾರ್ದ ಬೆಳೆಯುತ್ತದೆ ಎನ್ನುತ್ತಾರೆ. ನಮ್ಮ ಕಡೆ ಕೇರಿಗಳು ತಲೆಮಾರುಗಳಿಂದ ಬೇರೆ ಬೇರೆಯಾಗಿಯೇ ಇವೆ. ಇದು ಬಲವಂತದ ಮಾತಾಗುವುದಿಲ್ಲವೇ? (ನಿವೃತ್ತ ಶಿಕ್ಷಕರು, ಶಿರಸಿ)

ಉತ್ತರ: ಗುರುಗಳೇ, ಒಂದೇ ಗೇಟಿನೊಳಗೆ ಇದ್ದ ಮಾತ್ರಕ್ಕೆ ಸ್ನೇಹ ಹುಟ್ಟುತ್ತದೆ ಎಂದು ನಾನೂ ಹೇಳಲಾರೆ. ಬೇರೆ ದೇಶಗಳ ಅನುಭವವೂ ಅದನ್ನು ತೋರಿಸುವುದಿಲ್ಲ. ಒಟ್ಟಿಗಿದ್ದೂ ಮಾತಿಲ್ಲದ ನೆರೆಯವರು ಎಲ್ಲ ಕಡೆ ಇದ್ದಾರೆ. ಮಿಶ್ರ ವಸತಿಯಿಂದ ಸಿಗುವ ಪ್ರಯೋಜನ ಬೇರೆಯೇ. ಬಡವರು ಮಾತ್ರ ಇರುವ ಕೇರಿಯಲ್ಲಿ ನಲ್ಲಿ ಕೆಟ್ಟರೆ ವಾರಗಟ್ಟಲೆ ಕೆಟ್ಟೇ ಇರುತ್ತದೆ. ಅದೇ ನಲ್ಲಿಯ ನೀರನ್ನು ಕಚೇರಿಯ ಗುಮಾಸ್ತರೂ ದಾದಿಯರೂ ಶಿಕ್ಷಕರೂ ಕುಡಿಯುವಂತಾದರೆ ಮರುದಿನವೇ ದೂರು ಹೋಗುತ್ತದೆ, ದುರಸ್ತಿಯೂ ಆಗುತ್ತದೆ. ಶಾಲೆ, ಬಸ್ಸು, ಬೀದಿ ದೀಪ ಎಲ್ಲಕ್ಕೂ ಇದೇ ಮಾತು. ಹೀಗಾಗಬೇಕಾಗಿರುವುದು ನ್ಯಾಯವಲ್ಲ, ಬಡವರ ದೂರಿಗೂ ಅಷ್ಟೇ ಬೆಲೆ ಇರಬೇಕಿತ್ತು. ಆದರೆ ವಾಸ್ತವ ಹೀಗಿದೆ.

ಬೆರಕೆ ಹೇಗಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಾಸ್ಟನ್ ನಗರದಲ್ಲಿ 1954ರಲ್ಲಿ ತೆರೆದ ಕೊಲಂಬಿಯಾ ಪಾಯಿಂಟ್ ಎಂಬ 1,500 ಮನೆಗಳ ಸಾರ್ವಜನಿಕ ವಸತಿ ಮೂವತ್ತು ವರ್ಷಗಳಲ್ಲಿ ಬಹುಪಾಲು ಪಾಳು ಬಿದ್ದಿತ್ತು. ಅದನ್ನು 1980ರ ದಶಕದ ಕೊನೆಯಲ್ಲಿ ಹಾರ್ಬರ್ ಪಾಯಿಂಟ್ ಎಂದು ಮರುರೂಪಿಸಿದಾಗ 1,283 ಮನೆಗಳಲ್ಲಿ 400ನ್ನು ಕಡಿಮೆ ವರಮಾನದವರಿಗೆ ಮೀಸಲಿಟ್ಟರು. ಉಳಿದಿದ್ದ ಕುಟುಂಬಗಳ ಸಂಘವನ್ನು ಆ ಯೋಜನೆಯ ಪಾಲುದಾರನನ್ನಾಗಿಯೇ ಸೇರಿಸಿಕೊಂಡರು, ಮನೆಗಳನ್ನು ಹೊರಗಿನಿಂದ ನೋಡಿ ಯಾವುದು ಯಾರದೆಂದು ಹೇಳಲಾಗದಂತೆ ಕಟ್ಟಿದರು. ಒಟ್ಟು ಬಡವರ ಮನೆಗಳು ಕಡಿಮೆಯಾದವೆಂಬ ಕೊರತೆ ಅಲ್ಲಿಯೂ ಇದೆ. ಆದರೂ ನಿವಾಸಿಗಳು ಮೇಜಿನ ಈಚೆ ಅರ್ಜಿ ಹಿಡಿದು ನಿಲ್ಲದೆ ಆಚೆ ಬದಿಯಲ್ಲಿ ಕುಳಿತಿದ್ದರು ಎಂಬುದು ದೊಡ್ಡ ಮಾತು. ಇದಕ್ಕೆ ವಿರುದ್ಧವಾಗಿ ಲಂಡನ್ನಿನಲ್ಲಿ ಕೆಲವು ಹೊಸ ಕಟ್ಟಡಗಳು ಬಡವರಿಗೆ ಹಿಂದಿನ ಬಾಗಿಲು, ಹಣವಂತರಿಗೆ ಮುಂದಿನ ಬಾಗಿಲು ಇಟ್ಟು ದೊಡ್ಡ ವಿವಾದವಾಯಿತು. ನಮ್ಮಲ್ಲಿಯೂ ಮಾರುವ ಬ್ಲಾಕು ರಸ್ತೆಯ ಕಡೆಗೆ, ಹಳಬರ ಬ್ಲಾಕು ಗಟಾರದ ಕಡೆಗೆ, ನಡುವೆ ಪಾಗಾರ ಎಂಬ ನಕ್ಷೆ ಬಂದರೆ ಅದು ಮಿಶ್ರ ವಸತಿಯಲ್ಲ, ಹಳೆಯ ಕೇರಿಯನ್ನೇ ಸಿಮೆಂಟಿನಲ್ಲಿ ಬರೆದಂತೆ.

ಬಲವಂತ ಎಂದಿರಿ. ಸಿಂಗಪುರ 1989ರಿಂದ ಸಾರ್ವಜನಿಕ ವಸತಿಯ ಪ್ರತಿ ಬ್ಲಾಕಿನಲ್ಲೂ ಜನಾಂಗವಾರು ಮಿತಿ ಇಟ್ಟಿದೆ, ಅದು ಬಲವಂತವೇ ಹೌದು, ಮನೆ ಮಾರುವವರಿಗೆ ಅದರಿಂದ ತೊಂದರೆಯೂ ಇದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಸರ್ಕಾರದ ಜಮೀನಿನಲ್ಲಿ, ಜನರ ಹಣದಲ್ಲಿ ಕಟ್ಟುವಾಗ ಹಂಚಿಕೆಯನ್ನು ಚೀಟಿ ಎತ್ತಿ ಮಾಡುವುದು ಮತ್ತು ಜಾತಿ ನೋಡಿ ಬ್ಲಾಕು ಕೊಡದಿರುವುದು ಯಾರ ಮೇಲಿನ ಬಲವಂತವೂ ಅಲ್ಲ. ಇದರ ಜೊತೆಗೆ ಮಧ್ಯದ ಪದರವನ್ನು ಮರೆಯಬಾರದು. ಕಾರವಾರದ ವೈದ್ಯಕೀಯ ಕಾಲೇಜಿನ ದಾದಿಯರು, ಸಾರಿಗೆ ನಿಗಮದ ನಿರ್ವಾಹಕರು, ಕೈಗಾ ಅಣುವಿದ್ಯುತ್ ಸ್ಥಾವರದ ಗುತ್ತಿಗೆ ಕೆಲಸಗಾರರು ಇವರಿಗೆಲ್ಲ ಬೇಕಾಗಿರುವುದು ಊರ ನಡುವೆ ನ್ಯಾಯವಾದ ಬಾಡಿಗೆಯ ಸಣ್ಣ ಮನೆ. ಮಾರಾಟದ ಫ್ಲ್ಯಾಟು ಅವರ ಕೈಗೆಟುಕುವುದಿಲ್ಲ, ಬಡವರ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ.

ಪ್ರಶ್ನೆ: ನಡೆದಾಡಬಲ್ಲ ಬಡಾವಣೆ ಎಂಬುದನ್ನು ಪಾಠದಲ್ಲಿ ಓದುತ್ತೇವೆ. ನಾಲ್ಕು ತಿಂಗಳು ಜಡಿಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅದು ಸಾಧ್ಯವೇ? (ವಿದ್ಯಾರ್ಥಿನಿ, ಕುಮಟಾ)

ಉತ್ತರ: ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆದರೂ ಆ ನಾಲ್ಕು ತಿಂಗಳು ಮಕ್ಕಳು ಶಾಲೆಗೆ ಕೊಡೆ ಹಿಡಿದು ನಡೆದೇ ಹೋಗುತ್ತಾರೆ. ಎಂದರೆ ಜನ ನಡೆಯುತ್ತಲೇ ಇದ್ದಾರೆ, ಬೀದಿ ಅವರಿಗೆ ಸಹಕರಿಸುತ್ತಿಲ್ಲ. ಗಟಾರದ ಮೇಲೆ ಹಾಸಿದ ಚಪ್ಪಡಿಯೇ ನಮ್ಮಲ್ಲಿ ಕಾಲುದಾರಿ, ಒಂದು ಚಪ್ಪಡಿ ಮುರಿದರೆ ಮಳೆ ನೀರಿನಲ್ಲಿ ಆ ಗುಂಡಿ ಕಾಣುವುದಿಲ್ಲ. ಕಾಲುದಾರಿಯನ್ನೂ ಗಟಾರವನ್ನೂ ಬೇರೆ ಮಾಡುವುದು ಮೊದಲ ಕೆಲಸ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿಯ ಪ್ರಕಾರ ವಸತಿ ಬೀದಿಯಲ್ಲೂ ಅಡ್ಡಿಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಬೇಕು, ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರ್ ಮೀರಬಾರದು. ಎರಡು ಕೊಡೆಗಳು ಎದುರುಬದುರಾಗಿ ದಾಟಲು ಅಷ್ಟು ಅಗಲ ಬೇಕೇ ಬೇಕು.

ನಮ್ಮ ಹಳೆಯ ಪೇಟೆಗಳಲ್ಲಿ ಅಂಗಡಿಯ ಮಾಡು ಬೀದಿಯ ಮೇಲೆ ಮುಂಚಾಚಿರುತ್ತದೆ, ಅದರ ಕೆಳಗೆ ಜಗಲಿ ಇರುತ್ತದೆ. ಮಳೆ ಬಂದಾಗ ಗಿರಾಕಿಯೂ ದಾರಿಹೋಕನೂ ಅಲ್ಲೇ ನಿಲ್ಲುತ್ತಾರೆ. ಕಾಲೊನಿಯ ಮರುವಿನ್ಯಾಸದಲ್ಲಿ ಇದನ್ನೇ ಉದ್ದಕ್ಕೆ ಎಳೆಯಬೇಕು. ಬೀದಿಗೆ ಹೊಂದಿದ ನೆಲಮಹಡಿಯಲ್ಲಿ ಕಿರಾಣಿ, ಹಿಟ್ಟಿನ ಗಿರಣಿ, ಅಂಗನವಾಡಿ, ಹೊಲಿಗೆ ಅಂಗಡಿ ಬರಲಿ, ಅವುಗಳ ಮುಂದೆ ಕೊನೆಯಿಂದ ಕೊನೆಗೆ ಮುರಿಯದ ಒಂದು ಮಾಡು ಇರಲಿ. ಹಿಂದಿನ ಕಾಲೊನಿಗಳಲ್ಲಿ ಸುತ್ತ ಪಾಗಾರ ಹಾಕಿ ಒಂದೇ ಗೇಟು ಇಟ್ಟಿದ್ದರಿಂದ, ಗೋಡೆಯಾಚೆ ಕಾಣುವ ಶಾಲೆಗೆ ಹುಡುಗರು ಅರ್ಧ ಕಿಲೋಮೀಟರ್ ಸುತ್ತಿ ಹೋಗುವುದನ್ನು ನಾನು ನೋಡಿದ್ದೇನೆ. ಪಾಗಾರವನ್ನು ನಾಲ್ಕು ಕಡೆ ಒಡೆದು ಓಣಿ ಬಿಟ್ಟರೆ ಒಂದು ರೂಪಾಯಿಯ ಹೊಸ ಕಟ್ಟಡವಿಲ್ಲದೆಯೇ ಆ ಕಾಲೊನಿ ಊರಿಗೆ ಸೇರುತ್ತದೆ. ಕಳ್ಳರ ಭಯ ಎನ್ನುವವರಿಗೆ ನನ್ನ ಉತ್ತರ ಒಂದೇ: ಓಣಿಯ ಕಡೆಗೆ ಮನೆಗಳ ಕಿಟಕಿಯೂ ಜಗಲಿಯೂ ತೆರೆದಿರಲಿ, ದೀಪ ಉರಿಯುತ್ತಿರಲಿ. ಯಾರೂ ನೋಡದ ಕುರುಡು ಗೋಡೆಯ ಪಕ್ಕದಲ್ಲೇ ಹೆಣ್ಣುಮಕ್ಕಳು ಹೆದರುವುದು.

ನೀರಿನ ಲೆಕ್ಕವನ್ನು ನಿಮ್ಮ ನಕ್ಷೆಯಲ್ಲಿ ಮೊದಲೇ ಹಾಕಿ. ಕಡಲು ಉಬ್ಬರವಿದ್ದಾಗ ಜೋರು ಮಳೆ ಬಂದರೆ ತಗ್ಗಿನ ಗಟಾರಗಳ ನೀರು ಇಳಿಯದೆ ಹಿಂದಕ್ಕೆ ನಿಲ್ಲುತ್ತದೆ. ಅದಕ್ಕಾಗಿ ಅಂಗಳವನ್ನೆಲ್ಲ ಕಾಂಕ್ರೀಟು ಮಾಡದೆ ಚಿರೆಕಲ್ಲು ಹಾಸಿ, ಆಟದ ಬಯಲನ್ನು ಒಂದು ಅಡಿ ತಗ್ಗಿಸಿ, ನೀರು ಕೆಲವು ಗಂಟೆ ಅಲ್ಲಿ ನಿಂತು ಇಂಗಲು ಬಿಡಬೇಕು. ನೆರಳಿಗೆ ಉಪ್ಪುಗಾಳಿ ತಡೆಯುವ ಹೊಂಗೆ, ಸುರಹೊನ್ನೆ ಒಳ್ಳೆಯವು. ಏಪ್ರಿಲ್ ಮೇ ತಿಂಗಳ ಬಿಸಿಲು ನಡೆಯುವವರಿಗೆ ಮಳೆಗಿಂತ ಕಷ್ಟವಾದದ್ದು. ಇನ್ನು ಊರನ್ನೂ ಕಡಲ ದಂಡೆಯನ್ನೂ ಬೇರ್ಪಡಿಸಿರುವ 66ನೇ ಹೆದ್ದಾರಿಯನ್ನು ದಾಟುವ ಜಾಗಗಳು ಸರಿಯಾಗದೆ ಕಾರವಾರದ ಯಾವ ಬಡಾವಣೆಯೂ ಪೂರ್ತಿ ನಡೆದಾಡುವಂತಾಗದು. ಅದು ಒಂದು ಕಾಲೊನಿಯ ನಕ್ಷೆಯಲ್ಲಿ ಬಗೆಹರಿಯುವ ವಿಷಯವಲ್ಲ.

ಪ್ರಶ್ನೆ: ಸೀಬರ್ಡ್ ನೌಕಾನೆಲೆಗಾಗಿ ಮನೆ ಬಿಟ್ಟು ಬಂದ ನಮಗೆ ಪುನರ್ವಸತಿ ಕಾಲೊನಿಯಲ್ಲಿ ನಿವೇಶನ ಸಿಕ್ಕಿತು. ಇಲ್ಲಿ ಬಹುಮಹಡಿ ಇಲ್ಲ. ನಿಮ್ಮ ಮಾತು ನಮಗೂ ಅನ್ವಯಿಸುತ್ತದೆಯೇ? (ಓದುಗರು, ಅಂಕೋಲಾ ತಾಲೂಕು)

ಉತ್ತರ: ಅನ್ವಯಿಸುತ್ತದೆ, ಆದರೆ ನಿಮ್ಮಲ್ಲಿ ಒಡೆಯುವ ಪ್ರಶ್ನೆಯೇ ಬರಬಾರದು. ಒಮ್ಮೆ ಎಬ್ಬಿಸಿದವರನ್ನು ಇನ್ನೊಮ್ಮೆ ಎಬ್ಬಿಸುವ ಯಾವ ಯೋಜನೆಯೂ ಒಳ್ಳೆಯದಲ್ಲ. ನಿಮಗೆ ಬೇಕಾಗಿರುವುದು ಹಕ್ಕುಪತ್ರ ಮತ್ತು ಖಾತೆ ಇಲ್ಲದವರಿಗೆ ಅವು ಸಿಗುವುದು, ಬಸ್ಸು ಹೊತ್ತಿಗೆ ಸರಿಯಾಗಿ ಒಳಗೆ ಬರುವುದು, ನಿವೇಶನದ ಹಿತ್ತಿಲಲ್ಲಿ ಮಗನಿಗೋ ಬಾಡಿಗೆಗೋ ಇನ್ನೊಂದು ಸಣ್ಣ ಮನೆ, ಮುಂದೆ ಒಂದು ಅಂಗಡಿ ಕಟ್ಟಲು ಅನುಮತಿ. ಖಾಲಿ ನಿವೇಶನಗಳು ಹೀಗೆ ತುಂಬುತ್ತ ಬಂದರೆ ಕಾಲೊನಿ ತಾನಾಗಿ ಊರಾಗುತ್ತದೆ.

ಪ್ರಶ್ನೆ: ಹೊಸದಾಗಿ ಕಟ್ಟಿದ್ದೂ ಇಪ್ಪತ್ತು ವರ್ಷದಲ್ಲಿ ಹೀಗೇ ಆಗದೆಂದು ಏನು ಖಾತರಿ? (ಸರ್ಕಾರಿ ನೌಕರರು, ಕಾರವಾರ)

ಉತ್ತರ: ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದ ನಡುವಿನಲ್ಲಿ ಮುಗಿದ ಪ್ರೂಯಿಟ್-ಐಗೋ ಎಂಬ 33 ಕಟ್ಟಡಗಳ ವಸತಿಯನ್ನು 1972ರಿಂದ ಕೆಡಹತೊಡಗಿದರು, ಎಂದರೆ ಅದಕ್ಕೆ ಇಪ್ಪತ್ತು ವರ್ಷವೂ ಆಗಿರಲಿಲ್ಲ. ವಿನ್ಯಾಸದ ತಪ್ಪು ಎಂದು ಹಲವರು ಬರೆದರು. ಆದರೆ ದುರಸ್ತಿಯ ಖರ್ಚು ಬಡ ಬಾಡಿಗೆದಾರರ ಬಾಡಿಗೆಯಿಂದಲೇ ಬರಬೇಕೆಂಬ ವ್ಯವಸ್ಥೆ ಅಲ್ಲಿತ್ತು. ಮನೆಗಳು ಖಾಲಿಯಾದಂತೆ ಬಾಡಿಗೆ ಇಳಿಯಿತು, ಬಾಡಿಗೆ ಇಳಿದಂತೆ ಲಿಫ್ಟು ನಿಂತಿತು, ಲಿಫ್ಟು ನಿಂತಂತೆ ಇನ್ನಷ್ಟು ಮನೆ ಖಾಲಿಯಾದವು.

ನಮ್ಮಲ್ಲಿ ಮಾಡಬಹುದಾದದ್ದು ಇದು. ನೆಲಮಹಡಿಯ ಅಂಗಡಿಗಳನ್ನು ಮಾರದೆ, ನಗರಸಭೆಯ ಅಥವಾ ನಿವಾಸಿಗಳ ಸಂಘದ ಹೆಸರಿನಲ್ಲೇ ಉಳಿಸಿಕೊಂಡು, ಅವುಗಳ ಬಾಡಿಗೆಯನ್ನು ದುರಸ್ತಿ ನಿಧಿಗೆ ಮಾತ್ರ ಬಳಸಬೇಕೆಂದು ಮೊದಲೇ ನಿಗದಿ ಮಾಡುವುದು. ಮಾರಾಟವಾದ ಮನೆಗಳಿಂದ ಬಂದ ಲಾಭದ ಒಂದು ಪಾಲನ್ನು ಅದೇ ನಿಧಿಗೆ ಮೂಲಧನವಾಗಿ ಇಡುವುದು. ಪ್ರತಿ ಮಳೆಗಾಲದ ಮೊದಲು, ಮೇ ತಿಂಗಳಲ್ಲಿ, ತಾರಸಿ, ಸಜ್ಜಾ, ನೀರಿನ ಕೊಳವೆ ನೋಡಿ ಬಿರುಕು ಮುಚ್ಚುವುದು. ತೋಟದ ಮನೆಯವರು ವರ್ಷವರ್ಷ ಹೆಂಚು ಕೈಯಾಡಿಸುವ ಹಾಗೆ ಕಾಂಕ್ರೀಟಿಗೂ ಒಂದು ಕೈಯಾಡಿಕೆ ಬೇಕು. ನೀವು ಸರ್ಕಾರಿ ಸೇವೆಯಲ್ಲಿರುವುದರಿಂದ ಒಂದು ಕೋರಿಕೆ ಇದೆ. ಇಂಥ ಯೋಜನೆಯ ಕಡತ ನಿಮ್ಮ ಮೇಜಿಗೆ ಬಂದರೆ, ಅಂದಾಜು ಪಟ್ಟಿಯಲ್ಲಿ ದುರಸ್ತಿ ನಿಧಿಯ ಸಾಲು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಟಿಪ್ಪಣಿ ಬರೆದು ಹಿಂದಕ್ಕೆ ಕಳುಹಿಸಿ.